ಕರೆಂಟ್ ಆರಿಸಿ ಬೆಸುಗೆ ಕೇಳಿದ ನಿರ್ದೇಶಕರಿಗೆ

ಮಹಿಳಾ ವೃತ್ತಿ ತರಬೇತಿ ಮತ್ತು ನೇಮಕಾತಿ ಕಚೇರಿಯ ನಿರ್ದೇಶಕರೇ,

ಮಾನ್ಯರೇ, ತಮ್ಮ ಕಾರ್ಯಾಗಾರದ ಬಾಗಿಲು ದಾಟಿದ ಕೂಡಲೇ ಬಲಗಡೆಯ ಗೋಡೆಯಲ್ಲಿ ಒಂದು ದೊಡ್ಡ ಕೆಂಪು ಸ್ವಿಚ್ಚಿದೆ. ಮೇಲಕ್ಕೆತ್ತಿದರೆ ವೆಲ್ಡಿಂಗ್ ಯಂತ್ರ ಗುಂಯ್‌ಗುಡುತ್ತದೆ, ಕೆಳಕ್ಕೆಳೆದರೆ ಸುಮ್ಮನಾಗುತ್ತದೆ. ಇಷ್ಟು ವಿಜ್ಞಾನ ಬರೀ ಕತೆ-ಕಾದಂಬರಿ ಓದಿಕೊಂಡು ಬೆಳೆದ ನನಗೂ ಗೊತ್ತು. ಬಸ್ ಡಿಪೋದ ವೆಲ್ಡರ್ ಹುದ್ದೆಗೆ ತಾವು ಕಳೆದ ತಿಂಗಳು ನಡೆಸಿದ ಪ್ರಾಯೋಗಿಕ ಪರೀಕ್ಷೆಯಲ್ಲಿ, ಬೆಳಗ್ಗೆ ಗಂಡಸರ ಸರದಿ ಮುಗಿಯುವ ತನಕ ಆ ಸ್ವಿಚ್ಚು ಮೇಲಿತ್ತು. ಮಧ್ಯಾಹ್ನ ಹೆಂಗಸರ ಸರದಿ ಬಂದಾಗ ತಮ್ಮವರು ಅದನ್ನು ಕೆಳಗೆಳೆದರು. ಕಾರಣ, 'ಮಹಿಳಾ ಅಭ್ಯರ್ಥಿಗಳ ಸುರಕ್ಷತೆಯ ದೃಷ್ಟಿಯಿಂದ'. ಕರೆಂಟಿಲ್ಲದ ಯಂತ್ರದ ಮುಂದೆ ಏಳು ಮಂದಿಯನ್ನು ನಿಲ್ಲಿಸಿ, ಎರಡು ಕಬ್ಬಿಣದ ಪಟ್ಟಿ ಕೊಟ್ಟು, ಇವನ್ನು ಬೆಸೆಯಿರಿ ಎಂದಿರಿ. ಪಾಪ, ಬೆಸೆದರು. ವಾರದ ನಂತರ ಫಲಿತಾಂಶ ಬಂತು: 'ಏಳೂ ಅಭ್ಯರ್ಥಿಗಳ ಪಟ್ಟಿಗಳು ಕೂಡಿಕೊಂಡಿಲ್ಲ. ಅನುತ್ತೀರ್ಣ.'

ಮಾನ್ಯರೇ, ಅಕಸ್ಮಾತ್ ಕೂಡಿಕೊಂಡಿದ್ದರೆ ತಾವು ಏನು ಮಾಡುತ್ತಿದ್ದಿರಿ? ಕೆಲಸ ಕೊಡುತ್ತಿದ್ದಿರೋ, ಕೈ ಮುಗಿಯುತ್ತಿದ್ದಿರೋ, ಎದ್ದು ಓಡುತ್ತಿದ್ದಿರೋ?

ಆ ಏಳು ಮಂದಿಯಲ್ಲಿ ಒಬ್ಬಳು ನನ್ನ ನಾದಿನಿ. ಮನೆಯಲ್ಲಿ ಅವಳಿಗೆ ಗುಬ್ಬಿ ಎಂದು ಹೆಸರು. ಹುಟ್ಟಿದ ದಿನ ತೂಕ ನೋಡಿ ಇಟ್ಟದ್ದು. ತಮ್ಮ ಕಚೇರಿಯ ನಿಯಮಗಳ ಹಾಗೆ ಆಮೇಲೆ ಯಾರೂ ಅದನ್ನು ಪರಿಷ್ಕರಿಸಲಿಲ್ಲ. ಈಗ ಅವಳು ಬಾಗಿಲಿನಲ್ಲಿ ನಿಂತರೆ ಒಳಗೆ ದೀಪ ಹಾಕಬೇಕು. ತುಂಬಿದ ಗ್ಯಾಸ್ ಸಿಲಿಂಡರನ್ನು ಒಂದೇ ಕೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮಾತಾಡುತ್ತಾ ಮೆಟ್ಟಿಲು ಹತ್ತುವವಳು. ಅವಳ ಸುರಕ್ಷತೆಗಾಗಿ ತಾವು ಕರೆಂಟ್ ಆರಿಸಿದ್ದು ಕೇಳಿ ನನ್ನ ಗಂಡ ಕೇಳಿದ್ದು ಇಷ್ಟೇ: "ಯಾರ ಸುರಕ್ಷತೆಗೆ ಅಂದ್ರು? ಸರಿಯಾಗಿ ಓದು."

ತಮ್ಮ ತರಬೇತಿ ಕೇಂದ್ರಕ್ಕೆ ಅವಳು ಸೇರಿದ್ದೇ ಒಂದು ಕತೆ. ಹೆಂಗಸರಿಗಾಗಿ ತಾವು ಇಟ್ಟಿದ್ದ ಕಸುಬುಗಳು ಹೊಲಿಗೆ, ಕಸೂತಿ, ಕೇಶಾಲಂಕಾರ, ಮೇಣದಬತ್ತಿ. ಎಲ್ಲವೂ ಭರ್ತಿ. ವೆಲ್ಡಿಂಗ್ ತರಗತಿ ಮಾತ್ರ ಭಣಭಣ. ತಪಾಸಣೆಗೆ ದೊಡ್ಡವರು ಬರುವವರಿದ್ದರು. ಖಾಲಿ ತರಗತಿ ತೋರಿಸುವುದು ಹೇಗೆಂದು, ಮೇಣದಬತ್ತಿಯಲ್ಲಿ ಸೀಟು ಸಿಗದ ಏಳು ಮಂದಿಯನ್ನು ಅಲ್ಲಿಗೆ ಅಟ್ಟಿದಿರಿ. ತಪಾಸಣೆ ಮುಗಿಯಿತು, ಫೋಟೋ ತೆಗೆದಾಯಿತು. ಎದ್ದು ಹೋಗಲು ಹೇಳುವುದನ್ನು ಮಾತ್ರ ತಾವು ಮರೆತಿರಿ. ಮಾನ್ಯರೇ, ತಮ್ಮ ಕಚೇರಿ ಹೆಂಗಸರಿಗೆ ಮಾಡಿದ ಅತಿ ದೊಡ್ಡ ಉಪಕಾರ ಆ ಮರೆವು. ಅದಕ್ಕೆ ಈ ಪತ್ರದ ಮೂಲಕ ಮನಃಪೂರ್ವಕ ಕೃತಜ್ಞತೆಗಳು.

ಅಲ್ಲಿ ಪಾಠ ಹೇಳುವ ಮೇಷ್ಟ್ರಿಗೆ ಹುಬ್ಬಿಲ್ಲ. ಎರಡು ಹುಬ್ಬನ್ನೂ ಕಸುಬಿಗೆ ಅರ್ಪಿಸಿದವರು. ಮೊದಲ ದಿನ ಅವರು ಇವರನ್ನೆಲ್ಲ ನೋಡಿ, "ಏನಮ್ಮಾ, ದಾರಿ ತಪ್ಪಿ ಬಂದ್ರಾ? ಹೊಲಿಗೆ ಕ್ಲಾಸು ಮೇಲ್ಗಡೆ" ಎಂದರಂತೆ.

"ಇದೂ ಹೊಲಿಗೇನೇ ಅಲ್ವಾ ಸಾರ್," ಎಂದಳು ಗುಬ್ಬಿ. "ಬಟ್ಟೆ ಬದ್ಲು ಕಬ್ಬಿಣ."

ಮೇಷ್ಟ್ರು ಇಲ್ಲದ ಹುಬ್ಬನ್ನು ಏರಿಸಿದರಂತೆ. "ಸೂಜಿ ಚುಚ್ಚಿದ್ರೆ ಬೆರಳು ಬಾಯಿಗಿಟ್ಕೋತೀರಿ. ಇಲ್ಲಿ ಸುಟ್ರೆ?"

"ನೀವೇನಿಟ್ಕೊಂಡ್ರಿ ಸಾರ್?"

ಅಂದಿನಿಂದ ಅವರಿಬ್ಬರಿಗೂ ಗಳಸ್ಯ ಕಂಠಸ್ಯ. ರಾಡನ್ನು ಲೋಹಕ್ಕೆ ತಾಗಿಸಿ ಕಿಡಿ ಹೊತ್ತಿಸುವುದು, ಹೊತ್ತಿದ ಕಿಡಿಯನ್ನು ಕೈ ನಡುಗದೆ ಒಂದೇ ಸಮ ಎಳೆದುಕೊಂಡು ಹೋಗುವುದು, ತಣಿದ ಮೇಲೆ ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ಬಡಿದು ತೆಗೆಯುವುದು, ಎಲ್ಲವನ್ನೂ ಅವರು ಕಲಿಸಿದರು. ಕಿಟ್ಟ ಉದುರಿದಾಗ ಕೆಳಗೆ ಹೊಳೆಯುವ ಬೆಸುಗೆಯನ್ನು ಗುಬ್ಬಿ ಎಳೆಮಗುವಿನ ಹಲ್ಲು ಕಂಡವಳ ಹಾಗೆ ನೋಡುತ್ತಿದ್ದಳಂತೆ. ಅಭ್ಯಾಸಕ್ಕಿರಲಿ ಎಂದು ಮೇಷ್ಟ್ರು ತಮ್ಮ ಹಳೆಯ ಯಂತ್ರವೊಂದನ್ನು ಮನೆಗೂ ಕೊಟ್ಟು ಕಳಿಸಿದರು. ಅಲ್ಲಿಗೆ ನಮ್ಮ ಮನೆಯಲ್ಲಿ ಮುರಿದದ್ದು ಎಂಬ ಜಾತಿಯೇ ಅಳಿಯಿತು. ಕುರ್ಚಿ, ಮಂಚ, ಬಟ್ಟೆ ಒಣಗಿಸುವ ಸ್ಟ್ಯಾಂಡು, ಮಾವನವರ ಕಾಲದ ಸೈಕಲ್ಲಿನ ಕ್ಯಾರಿಯರ್ರು. ಮುರಿದವು ಮುಗಿದ ಮೇಲೆ ಮುರಿಯಬಹುದಾದವನ್ನು ಹಿಡಿದಳು. ಅವಳು ರಾಡ್ ತಾಗಿಸಿದಾಗಲೆಲ್ಲ ಬೀದಿಯ ಬಲ್ಬುಗಳು ಕಣ್ಣು ಮಿಟುಕಿಸುತ್ತಿದ್ದವು. ನಮ್ಮತ್ತೆಗೆ ಅದೇ ಸಂಕಟ. "ಬೀದಿಗೆಲ್ಲಾ ಗೊತ್ತಾಗುತ್ತಲ್ಲೇ ನೀನು ಏನೋ ಮಾಡ್ತಿದೀಯ ಅಂತ!"

"ಗೊತ್ತಾಗ್ಲಿ ಬಿಡಮ್ಮಾ. ಕದ್ದು ಮಾಡೋ ಕೆಲ್ಸಾನಾ?"

ಇನ್ನು ನಮ್ಮ ಹಿತ್ತಲ ಗೇಟಿನ ವಿಷಯ. ಮಾನ್ಯರೇ, ಇದನ್ನು ತಾವು ನಿಧಾನವಾಗಿ ಓದಬೇಕು. ನನ್ನ ವಾದವೆಲ್ಲ ಆ ಗೇಟಿನ ಮೇಲೇ ನಿಂತಿದೆ. ಅದು ಹಳೆಯ ಕಬ್ಬಿಣದ ಗೇಟು. ಗಾಳಿ ಬೀಸಿದರೆ ಗಡಗಡ. ಬೆಕ್ಕು ಹಾರಿದರೆ ಗಡಗಡ. ಅತ್ತೆಗೆ ನಿದ್ದೆಯಿಲ್ಲ. ಒಂದು ಭಾನುವಾರ ಬೆಳಗ್ಗೆ ಅವರು ಮಗಳನ್ನು ಕರೆದು, "ನಿನ್ನ ಆ ವಿದ್ಯೆ ನಂಗೂ ಒಂಚೂರು ಉಪಯೋಗಕ್ಕೆ ಬರ್ಲಿ. ಈ ಗೇಟು ಸದ್ದು ಮಾಡ್ಬಾರ್ದು, ಅಷ್ಟೇ. ಇನ್ನೇನೂ ಕೇಳಲ್ಲ" ಎಂದು ಆಜ್ಞಾಪಿಸಿ ಒಳಗೆ ಹೋದರು. ಗುಬ್ಬಿ ನೋಡಿದಳು. ಕೀಲು ಸಡಿಲ, ಬೆಸೆದಳು. ಅಡಿಯ ಪಟ್ಟಿ ಸಡಿಲ, ಬೆಸೆದಳು. ಅಗುಳಿ ಸಡಿಲ, ಅದನ್ನೂ ಬೆಸೆದಳು. ಗೇಟು ಮುಚ್ಚಿಕೊಂಡಿತ್ತು. ಅಗುಳಿ ಹಾಕಿಕೊಂಡಿತ್ತು. ಕೆಲಸದ ಗುಂಗಿನಲ್ಲಿ ಆ ಸಣ್ಣ ಸಂಗತಿ ಅವಳ ಗಮನಕ್ಕೆ ಬರಲಿಲ್ಲ.

ಅತ್ತೆ ಬಂದು ತಳ್ಳಿದರು. ಸದ್ದಿಲ್ಲ. ಪರಮಾನಂದವಾಯಿತು. ಇನ್ನೊಮ್ಮೆ ತಳ್ಳಿದರು. ಗೇಟೂ ಇಲ್ಲ! ಅಂದರೆ ಅದು ಈಗ ಗೇಟಲ್ಲ, ಗೋಡೆ.

"ಏನೇ ಇದು?"

"ನೀನೇ ಅಂದ್ಯಲ್ಲಮ್ಮ, ಸದ್ದು ಮಾಡ್ಬಾರ್ದು ಅಂತ."

"ತೆಗಿಬಾರ್ದು ಅಂದ್ನಾ?"

"ಕೈ ಓಡ್ತಾ ಇತ್ತು ಕಣಮ್ಮಾ, ನಿಲ್ಲಿಸೋಕೆ ಮನ್ಸಾಗ್ಲಿಲ್ಲ," ಎಂದಳು ಗುಬ್ಬಿ. ನಾನು ನಕ್ಕು ನಕ್ಕು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದೆ. ಗುಬ್ಬಿಯೂ ಕುಸಿದಳು, ಕಲ್ಲು ತಡೆದುಕೊಂಡಿತು. ನನ್ನ ಗಂಡ ಸುತ್ತಿಗೆ ತಂದ. ಸುತ್ತಿಗೆಯ ಹಿಡಿ ಮುರಿಯಿತು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಹಾರೆ ತಂದು ಜಗ್ಗಿ, ಸೊಂಟ ಹಿಡಿದುಕೊಂಡು ಹಾರೆಯನ್ನೇ ಊರುಗೋಲು ಮಾಡಿಕೊಂಡು ವಾಪಸಾದರು. ಕೊನೆಗೆ ಬೀದಿಯ ಕೊನೆಯ ಗ್ರಿಲ್ ಅಂಗಡಿಯ ಯಜಮಾನರನ್ನು ಕರೆಸಿದೆವು. ಅವರು ಅಲುಗಾಡಿಸಿದರು, ತಟ್ಟಿದರು, ಬಗ್ಗಿ ಬೆಸುಗೆಯ ಮೇಲೆ ಬೆರಳಾಡಿಸಿದರು. "ಇದನ್ನ ಕತ್ತರಿಸೋಕೆ ಮನ್ಸು ಬರಲ್ಲ ಕಣ್ರೀ. ಯಾರು ಹಾಕಿದ್ದು?" ಎಂದರು. ಗುಬ್ಬಿಯನ್ನು ತೋರಿಸಿದೆವು. ಅಲ್ಲೇ ನಿಂತ ನಿಲುವಿನಲ್ಲಿ ಅವಳಿಗೆ ಕೆಲಸ ಕೊಟ್ಟರು. ಮಾನ್ಯರೇ, ಒಂದು ಗೇಟು ತೆರೆಯದೆ ಇದ್ದದ್ದರಿಂದ ಕೆಲಸ ಸಿಕ್ಕ ಹೆಣ್ಣುಮಗಳು ಬಹುಶಃ ಇವಳೊಬ್ಬಳೇ.

ಹಾಗಾದರೆ ಕೆಲಸ ಇದೆಯಲ್ಲ, ಇನ್ನೇನು ತಕರಾರು ಎನ್ನುತ್ತೀರಿ. ಹೇಳುತ್ತೇನೆ. ಗ್ರಿಲ್ ಅಂಗಡಿಯಲ್ಲಿ ಗುಬ್ಬಿ ಕೂರುವುದು ಗೋಣಿತಾಟಿನ ಪರದೆಯ ಹಿಂದೆ. ಹೆಂಗಸು ಬೆಸೆದ ಕಿಟಕಿ ಎಂದರೆ ಗಿರಾಕಿ ಹೆದರುತ್ತಾನೆ ಎಂದು ಯಜಮಾನರ ಅಭಿಪ್ರಾಯ. ಪರದೆಯ ಮುಂದೆ ಯಜಮಾನರ ಅಳಿಯ ನಿಂತಿರುತ್ತಾನೆ, ಕೈಯಲ್ಲಿ ಕಪ್ಪುಗಾಜಿನ ಮುಖಗವಸು ಹಿಡಿದು. ಅವನು ಜೀವನದಲ್ಲಿ ಸುಟ್ಟುಕೊಂಡಿದ್ದರೆ ಚಹಾದಲ್ಲಿ ನಾಲಿಗೆ ಮಾತ್ರ. ಗಿರಾಕಿ ಬಂದು ಗ್ರಿಲ್ ಸವರಿ, "ಎಂಥಾ ಕೈ ಕಣ್ರೀ ನಿಮ್ದು!" ಎನ್ನುತ್ತಾನೆ. ಅಳಿಯ ನಾಚಿ ತಲೆ ತಗ್ಗಿಸುತ್ತಾನೆ. ಹಿಂದಿನಿಂದ ಪರದೆ 'ಥ್ಯಾಂಕ್ಯೂ' ಎನ್ನುತ್ತದೆ. ಗಿರಾಕಿ ಬೆಚ್ಚುತ್ತಾನೆ. ದಿನವೂ ಇದೇ ನಾಟಕ. ಗುಬ್ಬಿ ಮನೆಗೆ ಬಂದು ಅಳಿಯನ ನಾಚಿಕೆಯನ್ನು ಅಭಿನಯಿಸಿ ತೋರಿಸುತ್ತಾಳೆ, ನಾವು ಹೊಟ್ಟೆ ಹಿಡಿದುಕೊಳ್ಳುತ್ತೇವೆ. ವೆಲ್ಡರ್ ಆದವರು ಮುಖಕ್ಕೊಂದು ಮುಸುಕು ಹಾಕಿಕೊಳ್ಳಲೇಬೇಕು, ಒಪ್ಪೋಣ. ಮುಸುಕಿನ ಮೇಲೊಂದು ಪರದೆ ಯಾಕೆ? ಡಿಪೋದ ಹುದ್ದೆ ಅವಳಿಗೆ ಬೇಕಾಗಿರುವುದು ಇದಕ್ಕೇ. ಅಲ್ಲಿ ಬಸ್ಸಿನ ಹೊಟ್ಟೆಯ ಕೆಳಗೆ, ಎಲ್ಲರ ಕಣ್ಣೆದುರು, ಅವಳ ಕೆಲಸಕ್ಕೆ ಅವಳದೇ ಹೆಸರು.

ಹೀಗೆ ಆಸೆಯಿಂದ ಪರೀಕ್ಷೆಗೆ ಬಂದಳು. ನಾನೂ ಬಂದಿದ್ದೆ. ಬರಲೇಬೇಕಿತ್ತು, 'ಮಹಿಳಾ ಅಭ್ಯರ್ಥಿಗಳು ಪೋಷಕರೊಂದಿಗೆ ಹಾಜರಾಗತಕ್ಕದ್ದು' ಎಂದಿರಲ್ಲ. ಗೇಟಿನಲ್ಲಿ ಕಾವಲಿನವರು ತಡೆದರು.

"ಇವ್ರಿಗೆ ನೀವೇನಾಗ್ಬೇಕು?"

"ಅತ್ತಿಗೆ."

"ಇವ್ರಿಗಿಂತ ಚಿಕ್ಕೋರ ಥರ ಕಾಣ್ತೀರಿ?"

"ಕಾಣೋದೇನು, ಎರಡು ವರ್ಷ ಚಿಕ್ಕೋಳೇ."

ಅವರು ತಲೆ ಕೆರೆದುಕೊಂಡರು. "ಹಂಗಾದ್ರೆ ಪೋಷಕರು ಅವ್ರಾದ್ರಲ್ಲ!"

"ಸರಿ ಹಾಗಾದ್ರೆ," ಎಂದಳು ಗುಬ್ಬಿ, "ನಾನು ಬೆಂಚಲ್ಲಿ ಕೂರ್ತೀನಿ, ಇವ್ಳು ವೆಲ್ಡಿಂಗ್ ಮಾಡ್ತಾಳೆ. ಆಂಬುಲೆನ್ಸ್ ರೆಡಿ ಇಟ್ಕೊಳಿ." ಇಬ್ಬರನ್ನೂ ಬಿಟ್ಟರು.

ಪೋಷಕರ ಬೆಂಚು ಕಿಟಕಿಯ ಪಕ್ಕದಲ್ಲೇ ಇದ್ದದ್ದರಿಂದ ನಾನು ಎಲ್ಲವನ್ನೂ ಕಣ್ಣಾರೆ ಕಂಡೆ. ಸ್ವಿಚ್ಚು ಕೆಳಗಿಳಿಯಿತು. ಯಂತ್ರದ ಗುಂಯ್ ನಿಂತಿತು. ಮೂವರು ಪರೀಕ್ಷಕರು ಕುರ್ಚಿ ಎಳೆದುಕೊಂಡು ಕೂತರು. ಗುಬ್ಬಿ ರಾಡ್ ತಾಗಿಸಿದಳು, ಟಕ್ ಎಂದಿತು, ಅಷ್ಟೇ.

"ಸಾರ್, ಕರೆಂಟಿಲ್ಲ."

"ಗೊತ್ತಮ್ಮಾ. ನಾವೇ ತೆಗೆಸಿದ್ದು. ಇದ್ದಂಗೆ ಮಾಡಿ."

"ಇದ್ದಂಗೆ ಅಂದ್ರೆ?"

"ಕೈ ಆಡಿಸಿ ತೋರ್ಸಿ. ನೋಡಿದ್ರೆ ನಮ್ಗೆ ಗೊತ್ತಾಗುತ್ತೆ."

"ಊಟ ಇಲ್ದೆ ತಟ್ಟೆಲಿ ಕೈ ಆಡ್ಸಿದ್ರೆ ಹೊಟ್ಟೆ ತುಂಬುತ್ತಾ ಸಾರ್?"

"ವಾದ ಮಾಡ್ಬೇಡಿ. ಸಮಯ ಹೋಗ್ತಿದೆ."

ಗುಬ್ಬಿ ಮುಖಗವಸು ಇಳಿಸಿಕೊಂಡು ಗಾಳಿಯಲ್ಲಿ ಗೆರೆ ಎಳೆದು ಬಂದಳು. ಅವಳ ಹಿಂದೆ ಆಯಮ್ಮನ ಸರದಿ. ಈಕೆ ಮೊದಲು ಶಿಶುವಿಹಾರದಲ್ಲಿ ಆಯಾ ಆಗಿದ್ದವಳು. ಹಠ ಮಾಡುವ ಮಕ್ಕಳಿಗೆ ರೈಲು, ಸಿಂಹ, ಗುಡುಗುಗಳ ಸದ್ದು ಮಾಡಿ ಊಟ ಮಾಡಿಸಿ ಪಳಗಿದವಳು. ಇದ್ದ ಹಾಗೆ ಮಾಡಬೇಕಲ್ಲವೇ, ಮಾಡಿದಳು. ರಾಡ್ ತಾಗಿಸಿ ಬಾಯಲ್ಲೇ "ಚರ್ರ್ರ್... ಚಟಚಟ ಚಟ್... ಛ್ರ್ರ್ರ್ರ್!" ಎಂದು ಎಂಥ ಬೆಂಕಿ ಹೊತ್ತಿಸಿದಳೆಂದರೆ, ಮಧ್ಯದ ಕುರ್ಚಿಯ ಪರೀಕ್ಷಕರು ಕಣ್ಣಿಗೆ ಕೈ ಅಡ್ಡ ಹಿಡಿದು ಕುರ್ಚಿಸಮೇತ ಹಿಂದೆ ಸರಿದರು. ಪೋಷಕರ ಬೆಂಚಿನಲ್ಲಿ ತೂಕಡಿಸುತ್ತಿದ್ದ ಯಾರದೋ ಮಾವ "ಎಲ್ಲಿ ಬೆಂಕಿ?" ಎಂದು ಎದ್ದು ನಿಂತರು. ಮಾನ್ಯರೇ, ಮುಂದಿನದನ್ನು ನಾನು ಕಟ್ಟಿ ಹೇಳುತ್ತಿದ್ದೇನೆಂದು ತಾವು ತಿಳಿಯಬಹುದು. ತಮ್ಮದೇ ಮೊಹರು ಬಿದ್ದ ಅಂಕಪಟ್ಟಿಯನ್ನು ತರಿಸಿ ನೋಡಿ. ಆಯಮ್ಮನಿಗೆ ಅಂಕ ಕಳೆದ ಕಾರಣ: 'ಕಿಡಿ ಸಿಡಿಯದಂತೆ ಎಚ್ಚರ ವಹಿಸಿಲ್ಲ.'

ಈಗ ಸ್ವಲ್ಪ ಗಂಭೀರವಾಗಿ ಯೋಚಿಸೋಣ. ನಾನು ಪ್ರಯತ್ನಪಡುತ್ತೇನೆ, ತಾವೂ ಪ್ರಯತ್ನಪಡಿ. ನೀರಿಲ್ಲದ ಕೊಳದಲ್ಲಿ ಈಜಿಸಿ, ಒದ್ದೆಯೇ ಆಗಿಲ್ಲ ಎಂದು ಯಾರನ್ನಾದರೂ ಅನುತ್ತೀರ್ಣಗೊಳಿಸಿದ್ದುಂಟೇ? ತಾವು ಬಡ್ತಿಯ ಪರೀಕ್ಷೆ ಬರೆದಾಗ ತಮ್ಮ ಸುರಕ್ಷತೆಗಾಗಿ ಪೆನ್ನಿನ ರೀಫಿಲ್ ತೆಗೆದಿಟ್ಟಿದ್ದರೇ? ಬೆಂಕಿ ಹೆಂಗಸರಿಗೆ ಅಪಾಯಕಾರಿ ಎಂಬ ಸತ್ಯ ತಮಗೆ ಹೊಳೆದದ್ದು ಕಾರ್ಯಾಗಾರದ ಬಾಗಿಲಲ್ಲಿ. ಸಂತೋಷ. ಆದರೆ ನಮ್ಮತ್ತೆ ನಲವತ್ತು ವರ್ಷದಿಂದ ಒಲೆಯ ಮುಂದಿದ್ದಾರೆ. ಸುರಕ್ಷತೆಯ ದೃಷ್ಟಿಯಿಂದ ಒಂದು ದಿನವಾದರೂ ಬಂದು ಯಾರಾದರೂ ಅದನ್ನು ಆರಿಸಿದರೇ? 'ಇವತ್ತು ಒಲೆ ಇದ್ದ ಹಾಗೆ ಮಾಡಿ, ನಮಗೆ ಗೊತ್ತಾಗುತ್ತದೆ' ಎಂದು ಖಾಲಿ ತಟ್ಟೆಯ ಮುಂದೆ ಕೂತ ಒಬ್ಬ ಗಂಡಸನ್ನು ತೋರಿಸಿ, ನಾನು ಈ ಪತ್ರ ಹಿಂತೆಗೆದುಕೊಳ್ಳುತ್ತೇನೆ. ಕಲಿಸುವಾಗ ಕರೆಂಟ್ ಕೊಟ್ಟಿರಿ, ಫೋಟೋ ತೆಗೆಯುವಾಗ ಕೊಟ್ಟಿರಿ. ಕಿಡಿ ಚೆನ್ನಾಗಿ ಬರಲಿ ಎಂದು ಎರಡೆರಡು ಸಲ ತೆಗೆಸಿದಿರಿ. ಆ ಫೋಟೋ ಈಗಲೂ ತಮ್ಮ ಕಚೇರಿಯ ಗೋಡೆಯಲ್ಲಿದೆ, ಕೆಳಗೆ 'ಸಮಾನ ಅವಕಾಶ' ಎಂದು ಬರೆದಿದೆ. ಕೆಲಸ ಕೊಡುವ ಹೊತ್ತಿಗೆ ಮಾತ್ರ ಸ್ವಿಚ್ಚು ಕೆಳಗೆ.

ಫಲಿತಾಂಶ ಬಂದ ಮೇಲೆ ನಾವಿಬ್ಬರೂ ತಮ್ಮ ಕಚೇರಿಗೆ ಬಂದೆವು. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರು ಸಿಕ್ಕಿದರು, ಒಳ್ಳೆಯ ಮನುಷ್ಯ.

"ನೋಡಿ ಮೇಡಂ, ಗಂಡಸರ ಬೆಸುಗೆ ಸುತ್ತಿಗೆ ಏಟಿಗೆ ನಿಂತಿದೆ, ಹೆಂಗಸರದ್ದು ನಿಂತಿಲ್ಲ. ಇದ್ರಲ್ಲಿ ಭೇದಭಾವ ಏನೂ ಇಲ್ಲ. ಎರಡಕ್ಕೂ ಒಂದೇ ಸುತ್ತಿಗೆ."

"ಕರೆಂಟ್ ಇರ್ಲಿಲ್ವಲ್ಲ?" ಎಂದೆ.

"ಅದನ್ನ ಬರಿಯೋಕೆ ಕಾಲಂ ಇಲ್ಲ ಮೇಡಂ." ಆಮೇಲೆ ಗುಬ್ಬಿಯ ಮುಖ ನೋಡಿ ಅವರಿಗೇ ಕರುಳು ಚುರ್ರೆಂದಿರಬೇಕು. "ಬೇಜಾರು ಮಾಡ್ಕೋಬೇಡಿ. ಡಿಪೋದಲ್ಲೇ ಸ್ವಾಗತಕಾರಿಣಿ ಹುದ್ದೆ ಒಂದಿದೆ. ಫ್ಯಾನ್ ಕೆಳಗೆ ಕೂರೋ ಕೆಲ್ಸ. ನಿಮ್ಗೆ ಹೇಳಿ ಮಾಡಿಸಿದಂಗಿದೆ."

"ಡಿಪೋಗೆ ಬರೋದು ಬಸ್ಸು ಸಾರ್," ಎಂದಳು ಗುಬ್ಬಿ. "ಬಸ್ಸಿಗೆ ಬನ್ನಿ, ಕೂತ್ಕೊಳಿ, ನೀರು ತಗೋತೀರಾ ಅನ್ಲಾ?"

ಗುಮಾಸ್ತರು ನಕ್ಕರು. ನಾನೂ ನಕ್ಕೆ. ಮೆಟ್ಟಿಲಿಳಿಯುವ ತನಕ ಗುಬ್ಬಿಯೂ ನಗುತ್ತಿದ್ದಳು. ಕೊನೆಯ ಮೆಟ್ಟಿಲಿನಲ್ಲಿ ಕೂತುಬಿಟ್ಟಳು. "ಅತ್ತಿಗೆ, ಚೆನ್ನಾಗಿ ಮಾಡಿಲ್ಲ ಅಂದಿದ್ರೆ ಒಪ್ಕೋತಿದ್ದೆ. ಇನ್ನೂ ಕಲೀಬೇಕು ಅಂದಿದ್ರೂ ಒಪ್ಕೋತಿದ್ದೆ. ನನ್ನ ಬೆಸುಗೆ ನಿಂತಿಲ್ಲ ಅಂತಾರೆ. ನಾನು ಬೆಸುಗೆ ಹಾಕೇ ಇಲ್ವಲ್ಲ. ಹಾಕೋಕೆ ಬಿಡ್ಲೇ ಇಲ್ವಲ್ಲ" ಎಂದಳು. ಇಷ್ಟು ದೊಡ್ಡ ಹೆಂಗಸು ಆ ಮೆಟ್ಟಿಲಿನ ಮೇಲೆ ನಿಜವಾಗಿಯೂ ಗುಬ್ಬಿಯಷ್ಟೇ ಕಂಡಳು. ಮನೆಯಲ್ಲಿ ಎಲ್ಲರನ್ನೂ ನಗಿಸುವುದೇ ನನ್ನ ಕೆಲಸ ಮಾನ್ಯರೇ; ಆ ಹೊತ್ತು ನನಗೆ ಒಂದು ಜೋಕೂ ಸಿಗಲಿಲ್ಲ. ಅದಕ್ಕೇ ಈ ಪತ್ರ.

ಮನೆಗೆ ಬಂದು ಅತ್ತೆಗೆ ಹೇಳಿದೆವು. ವೆಲ್ಡಿಂಗ್ ಎಂದರೆ ಮೂಗು ಮುರಿಯುತ್ತಿದ್ದ ನಮ್ಮತ್ತೆ ಸೀದಾ ಹಿತ್ತಲಿಗೆ ಹೋದರು. ಗೇಟನ್ನು ಎರಡೂ ಕೈಯಲ್ಲಿ ಹಿಡಿದು ಶಕ್ತಿಮೀರಿ ಜಗ್ಗಿದರು. ತಿರುಗಿ ಬಂದು, "ನಿಂತಿಲ್ವಂತಾ? ಯಾವನೇ ಹಾಗಂದೋನು?" ಎಂದು ಇಡೀ ಬೀದಿಗೆ ಕೇಳುವಂತೆ ಗುಡುಗಿದರು. ಮಾರನೆಯ ದಿನ ಗ್ರಿಲ್ ಅಂಗಡಿಯವರು ಕೊನೆಗೂ ಮನಸ್ಸು ಗಟ್ಟಿ ಮಾಡಿ ಗೇಟು ಕತ್ತರಿಸಲು ಯಂತ್ರ ತಂದಾಗ ಅಡ್ಡ ನಿಂತವರೂ ಅವರೇ. "ಮುಟ್ಬೇಡಿ. ಅದು ನನ್ನ ಮಗಳ ಸರ್ಟಿಫಿಕೇಟು." ಅಂದಿನಿಂದ ಬೆಳಗ್ಗೆ ಎದ್ದೊಡನೆ ಒಮ್ಮೆ ಹೋಗಿ ಜಗ್ಗಿ ನೋಡುತ್ತಾರೆ, ಪಕ್ಕದ ಪೋಸ್ಟ್‌ಮ್ಯಾನರಿಗೆ ಗೋಡೆಯಾಚೆಯಿಂದ, "ಇವತ್ತೂ ನಿಂತಿದೆ ಕಣ್ರೀ!" ಎಂದು ವರದಿ ಒಪ್ಪಿಸುತ್ತಾರೆ. ಅವರು ಸೊಂಟ ಸವರಿಕೊಳ್ಳುತ್ತಾ, "ನಂಗೊತ್ತಿಲ್ವಾ ತಾಯಿ" ಎನ್ನುತ್ತಾರೆ.

ಡಿಪೋದ ಹುದ್ದೆ ಬರುವ ಸೋಮವಾರ ಭರ್ತಿಯಾಗುತ್ತದೆಂದು ಕೇಳಿದ್ದೇನೆ. ನಮ್ಮ ಬೇಡಿಕೆ ಸಣ್ಣದು. ಆ ಹುದ್ದೆಯನ್ನು ತಡೆಹಿಡಿಯಿರಿ. ಏಳೂ ಮಂದಿಗೆ ಮರುಪರೀಕ್ಷೆ ಮಾಡಿ. ಗಂಡಸರಿಗೆ ಕೊಟ್ಟ ಯಂತ್ರ, ಗಂಡಸರಿಗೆ ಕೊಟ್ಟ ಪಟ್ಟಿ, ಗಂಡಸರಿಗೆ ಕೊಟ್ಟ ಕರೆಂಟು. ಆಮೇಲೆ ತಮ್ಮ ಆ ಪಕ್ಷಪಾತವಿಲ್ಲದ ಸುತ್ತಿಗೆಯಿಂದ ಎಷ್ಟು ಬೇಕಾದರೂ ಬಡಿಯಿರಿ. ನಿಲ್ಲದಿದ್ದರೆ ಗುಬ್ಬಿ ಗೋಣಿತಾಟಿನ ಹಿಂದಕ್ಕೆ ಮರಳುತ್ತಾಳೆ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಯಾರ ದಯೆಯೂ ಬೇಡ, ರಿಯಾಯಿತಿಯೂ ಬೇಡ. ಸ್ವಿಚ್ಚೊಂದು ಬೇಕು.

ನಂಬಿಕೆ ಬಾರದಿದ್ದರೆ ಸೋಮವಾರದೊಳಗೆ ನಮ್ಮ ಮನೆಗೆ ಬನ್ನಿ. ಮೂವರೂ ಪರೀಕ್ಷಕರನ್ನು ಕರೆತನ್ನಿ, ಮಧ್ಯದ ಕುರ್ಚಿಯವರನ್ನು ಮರೆಯಬೇಡಿ. ಸುತ್ತಿಗೆ ತಮ್ಮದೇ ಇರಲಿ. ನಮ್ಮದರ ಹಿಡಿ ಮುರಿದಿದೆ. ಹಿತ್ತಲ ಗೇಟನ್ನು ತೆರೆದು ತೋರಿಸಿ. ತೆರೆದರೆ ತಮ್ಮ ಫಲಿತಾಂಶದ ಕೆಳಗೆ ನಾನೇ ಸಹಿ ಹಾಕುತ್ತೇನೆ. ತೆರೆಯದಿದ್ದರೆ, ಇಲ್ಲಿಂದ ನೆಟ್ಟಗೆ ಕಾರ್ಯಾಗಾರಕ್ಕೆ ನಡೆದು, ಬಾಗಿಲು ದಾಟಿ ಬಲಕ್ಕೆ ತಿರುಗಿ, ಆ ಕೆಂಪು ಸ್ವಿಚ್ಚನ್ನು ತಾವೇ ಕೈಯಾರೆ ಮೇಲಕ್ಕೆತ್ತಿ. ಏನೂ ಆಗುವುದಿಲ್ಲ. ಅಷ್ಟಕ್ಕೂ ಭಯವಾದರೆ, ಜೊತೆಗೊಬ್ಬ ಪೋಷಕರನ್ನು ಕರೆದುಕೊಂಡು ಬನ್ನಿ.

ಇಂತಿ,
ಹಿತ್ತಲ ಗೇಟು ತೆರೆಯದೆ ಪಕ್ಕದ ಮನೆಯ ಅಂಗಳ ಹಾದು ಕಸ ಹಾಕಿ ಬರುತ್ತಿರುವ,
ಗುಬ್ಬಿಯ ಅತ್ತಿಗೆ
(ತಮ್ಮ ಕಚೇರಿಯ ದಾಖಲೆಯ ಪ್ರಕಾರ, ತನಗಿಂತ ಹಿರಿಯಳ ಪೋಷಕಿ)